ಸಂಜೆಯ ನಾಟಕ, ರಾತ್ರಿಯ ಶಿರಸಿ ಬಸ್ಸು: ನಡುವೆ ಸಿಗುವ ಟಿಕೆಟ್

ಶಿರಸಿಯಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಆರರ ಆಸುಪಾಸಿಗೆ ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲೋ ಮೆಜೆಸ್ಟಿಕ್‌ನಲ್ಲೋ ಕಣ್ಣುಜ್ಜಿಕೊಂಡು ಇಳಿಯುತ್ತಾರೆ. ಜಯದೇವ ಆಸ್ಪತ್ರೆಯಲ್ಲಿ ಅಪ್ಪಯ್ಯನ ತಪಾಸಣೆಯಿರಲಿ, ಮಗಳ ಕಾಲೇಜು ಸೀಟಿನ ಓಡಾಟವಿರಲಿ, ಎಂ.ಎಸ್. ಬಿಲ್ಡಿಂಗ್‌ನಲ್ಲಿ ಕೂತುಬಿಟ್ಟ ಫೈಲಿರಲಿ, ಹೋದ ಕೆಲಸ ಮಧ್ಯಾಹ್ನ ಮೂರು-ನಾಲ್ಕಕ್ಕೆ ಮುಗಿಯುತ್ತದೆ, ಇಲ್ಲವೇ ‘ನಾಳೆ ಬನ್ನಿ’ ಎಂಬಲ್ಲಿಗೆ ನಿಲ್ಲುತ್ತದೆ. ವಾಪಸ್ ಬಸ್ಸು ರಾತ್ರಿ ಹತ್ತರ ಮೇಲೆ. ನಡುವಿನ ಆರೇಳು ತಾಸನ್ನು ಮಾಲ್‌ನ ಏಸಿಯಲ್ಲಿ ಕಳೆಯುವ ಬದಲು ಒಂದು ನಾಟಕ ನೋಡಬಹುದು. ಯಕ್ಷಗಾನದ ಆಟ, ತಾಳಮದ್ದಲೆ, ಹೆಗ್ಗೋಡಿನ ನೀನಾಸಂ ತಿರುಗಾಟದ ನಾಟಕ ನೋಡಿ ಬೆಳೆದ ನಮ್ಮ ಕಡೆಯವರಿಗೆ ನಾಟಕ ನೋಡಿ ಎಂದು ಒತ್ತಾಯಿಸಬೇಕಿಲ್ಲ. ಹೇಳಬೇಕಾದದ್ದು ಅದನ್ನು ಆ ಆರೇಳು ತಾಸಿನೊಳಗೆ ಕೂರಿಸುವ ಬಗೆ.

ಟಿಕೆಟ್ ಸಿಗುವುದು ಇದರಲ್ಲಿ ಕಷ್ಟದ ಭಾಗವೇ ಅಲ್ಲ. ಬೆಂಗಳೂರಿನ ಕನ್ನಡ ನಾಟಕಗಳಿಗೆ ವಾರದ ನಡುವಿನ ದಿನಗಳಲ್ಲಿ ಅದೇ ದಿನ ಸಂಜೆ ಹೋದರೂ ಬಹುಪಾಲು ಟಿಕೆಟ್ ಸಿಗುತ್ತದೆ. ನಾಟಕ ತಪ್ಪುವುದು ಬೇರೆ ಕಾರಣಕ್ಕೆ. ಐದು ನಿಮಿಷ ತಡವಾಗಿ ಬಾಗಿಲಿಗೆ ತಲುಪಿರುತ್ತೇವೆ, ಅಥವಾ ನಾಟಕ ಮುಗಿಯುವ ಮೊದಲೇ ಬಸ್ಸು ಹೊರಡುವುದಿರುತ್ತದೆ. ಹಾಗಾಗಿ ಕ್ರಮವನ್ನೇ ತಿರುವಿ ಹಾಕಬೇಕು: ಮೊದಲು ವಾಪಸ್ ಸೀಟು, ಆಮೇಲೆ ರಂಗಮಂದಿರ, ಮೂರನೆಯದು ನಾಟಕ, ಕಟ್ಟಕಡೆಗೆ ಟಿಕೆಟ್.

ವಾಪಸ್ ಸೀಟಿನ ಲೆಕ್ಕ ಹೀಗೆ. ಏಳೂವರೆಗೆ ಶುರುವಾಗುವ ನಾಟಕ ಒಂದೂವರೆಯಿಂದ ಎರಡು ತಾಸಿನದ್ದಾದರೆ ಒಂಬತ್ತು, ಒಂಬತ್ತೂವರೆಗೆ ಮುಗಿಯುತ್ತದೆ. ನಡಿಗೆ, ಮೆಟ್ರೋ ಕಾಯುವುದು, ರೈಲು ಬದಲಿಸುವುದು ಸೇರಿ ದಕ್ಷಿಣದ ಬಡಾವಣೆಯಿಂದ ಮೆಜೆಸ್ಟಿಕ್‌ಗೆ ಮುಕ್ಕಾಲು ತಾಸು ಹಿಡಿಯಿರಿ. ಅಂದರೆ ಮೆಜೆಸ್ಟಿಕ್‌ನಿಂದ ಹತ್ತೂವರೆಗೆ ಮೊದಲು ಹೊರಡುವ ಬಸ್ಸು ಬೇಡ. ಹತ್ತೂವರೆಯ ನಂತರದ್ದು ಸಿಗದಿದ್ದರೆ ಇನ್ನೊಂದು ದಾರಿಯಿದೆ. ನಮ್ಮ ಕಡೆಯ ಬಸ್ಸುಗಳೆಲ್ಲ ತುಮಕೂರು ರಸ್ತೆಯಿಂದಲೇ ಊರು ಬಿಡಬೇಕು. ಮೆಜೆಸ್ಟಿಕ್ ಬಿಟ್ಟು ಯಶವಂತಪುರ, ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್ ದಾಟುವ ಹೊತ್ತಿಗೆ ಅರ್ಧ ತಾಸು, ಟ್ರಾಫಿಕ್ ಇದ್ದರೆ ಮುಕ್ಕಾಲು ತಾಸು ಆಗಿರುತ್ತದೆ. ಹಸಿರು ಮೆಟ್ರೋ ಅದೇ ರಸ್ತೆಯ ಮೇಲೆಯೇ ಓಡುತ್ತದೆ, ಕೆಳಗಿನ ಟ್ರಾಫಿಕ್ಕಿನ ಹಂಗಿಲ್ಲದೆ. ಹತ್ತು ಗಂಟೆಯ ಬಸ್ಸನ್ನೂ ಗೊರಗುಂಟೆಪಾಳ್ಯದಲ್ಲಿ ಹಿಡಿಯಬಹುದಾದ್ದು ಇದರಿಂದ. ಆದರೆ ಹತ್ತುವ ಜಾಗವನ್ನು ಸೀಟು ಕಾದಿರಿಸುವಾಗಲೇ ಆರಿಸಿ. ಮೆಜೆಸ್ಟಿಕ್ ಎಂದು ಬರೆಸಿ ಗೊರಗುಂಟೆಪಾಳ್ಯದಲ್ಲಿ ನಿಂತರೆ, ಅಲ್ಲಿ ಯಾರೂ ಹತ್ತುವವರಿಲ್ಲ ಎಂದುಕೊಂಡು ಡ್ರೈವರ್ ಮೇಲ್ಸೇತುವೆ ಹತ್ತಿಸಿಕೊಂಡು ಹೋಗಿಬಿಡುತ್ತಾನೆ. ಕೆಳಗೆ ನಿಂತವರಿಗೆ ಬಸ್ಸಿನ ಹಿಂದಿನ ಕೆಂಪು ದೀಪವಷ್ಟೇ ಕಾಣುತ್ತದೆ.

ರೈಲಿನವರಿಗೆ ಲೆಕ್ಕ ಬೇರೆ. ಸಿದ್ದಾಪುರದ ಕಡೆಯವರಿಗೆ ಮೈಸೂರು–ತಾಳಗುಪ್ಪ ರಾತ್ರಿ ರೈಲು ಅನುಕೂಲ. ಬೆಂಗಳೂರಿಗೆ ಅದು ಬರುವುದೇ ರಾತ್ರಿ ಹನ್ನೊಂದರ ಸುಮಾರಿಗೆ, ನಾಟಕ ಮುಗಿಸಿ ಊಟ ಮಾಡಿಕೊಂಡೂ ಹೋಗಬಹುದು. ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿದರೆ ಮುಂದೆ ಬಸ್ಸು. ಕರಾವಳಿಯವರ ಪಂಚಗಂಗಾ ಮಾತ್ರ ಸಂಜೆ 6.50ರ ಹೊತ್ತಿಗೇ ಬೆಂಗಳೂರು ಬಿಡುತ್ತದೆ. ಸಂಜೆಯ ನಾಟಕಕ್ಕೂ ಅದಕ್ಕೂ ಕೂಡಿಬರುವುದಿಲ್ಲ. ಅದಕ್ಕೊಂದು ಭಾನುವಾರದ ಉಪಾಯವಿದೆ, ಕೊನೆಯಲ್ಲಿ ಹೇಳುತ್ತೇವೆ.

ರಂಗಮಂದಿರಗಳಲ್ಲಿ ಮೊದಲ ಆಯ್ಕೆ ಜೆ.ಪಿ. ನಗರ ಎರಡನೇ ಹಂತದ ರಂಗಶಂಕರ. 2004ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ನಮ್ಮ ಹೊನ್ನಾವರದ ಮೂಲದ ಶಂಕರ್ ನಾಗ್ ಹೆಸರಿನದ್ದು ಎಂಬ ಅಭಿಮಾನ ಒಂದು ಕಡೆಗಿರಲಿ, ಅದನ್ನು ಮೊದಲು ಹೇಳಲು ಕಾರಣ ಬೇರೆ: ಸೋಮವಾರ ಒಂದು ಬಿಟ್ಟು ಹೆಚ್ಚುಕಡಿಮೆ ದಿನಾ ಅಲ್ಲಿ ನಾಟಕವಿರುತ್ತದೆ, ಹೊತ್ತು ಖಚಿತ. ವಾರದ ದಿನ ಸಂಜೆ 7.30, ಭಾನುವಾರ ಮಧ್ಯಾಹ್ನ 3.30 ಮತ್ತೆ 7.30. ಪರ ಊರಿನವರಿಗೆ ಈ ಖಚಿತತೆಯೇ ದೊಡ್ಡದು. ಕೂರುವ ಜಾಗ ಸುಮಾರು 320. ಸೀಟಿಗೆ ನಂಬರಿಲ್ಲ, ಮೊದಲು ಹೋದವರು ಮೊದಲು ಕೂರುವುದು. ಮೂರು ಕಡೆ ಪ್ರೇಕ್ಷಕರು, ನಡುವೆ ಮುಂಚಾಚಿದ ರಂಗ. ಸಾಲುಗಳು ಕಡಿದಾಗಿ ಏರಿಕೊಂಡು ಹೋಗುವುದರಿಂದ ಹಿಂದೆ ಕೂತರೂ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ಹಾಗಾಗಿ ಇಲ್ಲಿ ಕೊನೇ ಗಳಿಗೆಯ ಟಿಕೆಟ್ ಎಂದರೆ ಕೆಟ್ಟ ಸೀಟು ಎಂದೇನೂ ಅಲ್ಲ. ತೀರಾ ಪಕ್ಕದ ಮೂಲೆ ಸಿಕ್ಕಿದರೆ ಮಾತ್ರ ನಟರ ಬೆನ್ನು ಸ್ವಲ್ಪ ಹೆಚ್ಚು ನೋಡಬೇಕಾದೀತು.

ಅಲ್ಲಿಗೆ ಹೋಗುವ ದಾರಿ ಈಗ ಸುಲಭವಾಗಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹತ್ತಿ ಏಳನೇ ನಿಲ್ದಾಣ ಆರ್.ವಿ. ರಸ್ತೆ. ಅಲ್ಲಿ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಿಸಿದರೆ ಮುಂದಿನ ನಿಲ್ದಾಣವೇ ರಾಗಿಗುಡ್ಡ. ಅಲ್ಲಿಂದ ನಡೆದೇ ಹೋಗಬಹುದು. ರಾಗಿಗುಡ್ಡದ ಮುಂದಿನ ನಿಲ್ದಾಣ ಜಯದೇವ ಆಸ್ಪತ್ರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ನಮ್ಮ ಕೂಗು ಹಳೆಯದು; ಅದು ಈಡೇರುವವರೆಗೆ ಹೃದಯದ ತಪಾಸಣೆಗೆ ಬಂದವರಿಗೆ ರಂಗಶಂಕರ ಒಂದೇ ನಿಲ್ದಾಣ ದೂರ. ಹಳದಿ ಮಾರ್ಗದಲ್ಲಿ ರೈಲುಗಳ ನಡುವಿನ ಅಂತರ ಹಸಿರಿಗಿಂತ ಹೆಚ್ಚು. ಆರ್.ವಿ. ರಸ್ತೆಯಲ್ಲಿ ಇಳಿದಾಗ ಮುಂದಿನ ರೈಲಿಗೆ ತುಂಬ ಹೊತ್ತಿದೆ ಎಂದು ಬೋರ್ಡು ತೋರಿಸಿದರೆ ಹೊರಗೆ ಬಂದು ಆಟೋ ಹಿಡಿಯುವುದೇ ಒಳ್ಳೆಯದು. ರಾತ್ರಿ ವಾಪಸ್ ಬರುವಾಗಿನ ಕೊನೇ ರೈಲಿನ ಹೊತ್ತನ್ನು ಹೋಗುವಾಗಲೇ ನಿಲ್ದಾಣದಲ್ಲಿ ನೋಡಿಟ್ಟುಕೊಳ್ಳಿ. ಆಟೋದವರು ಆ ಹೊತ್ತಿಗೆ ಮೆಜೆಸ್ಟಿಕ್‌ಗೆ ಎಂದರೆ ಒಂದೋ ಬರುವುದಿಲ್ಲ, ಇಲ್ಲಾ ಬಸ್ಸಿನ ಟಿಕೆಟ್ಟಿನಷ್ಟೇ ಕೇಳುತ್ತಾರೆ.

ಈಗ ನಾಟಕ ಹುಡುಕುವುದು. ಶಿರಸಿಗೆ ಬರುವ ಪತ್ರಿಕೆ ಹುಬ್ಬಳ್ಳಿ ಆವೃತ್ತಿ. ಬೆಂಗಳೂರಿನ ಇಂದಿನ ಕಾರ್ಯಕ್ರಮಗಳ ಪಟ್ಟಿ ಅದರಲ್ಲಿ ಇರುವುದಿಲ್ಲ. ಬೆಳಿಗ್ಗೆ ಬಸ್ಸಿಳಿದು ಕಾಫಿ ಕುಡಿಯುವಾಗ ಬೆಂಗಳೂರು ಆವೃತ್ತಿಯ ಒಂದು ಪತ್ರಿಕೆ ತೆಗೆದುಕೊಂಡರೆ ಸಭೆ, ಸಂಗೀತ, ನಾಟಕ ಎಲ್ಲ ಸ್ಥಳ ಮತ್ತು ಸಮಯದ ಸಮೇತ ಸಿಗುತ್ತದೆ. ಬುಕ್‌ಮೈಶೋದಲ್ಲಿ ಬೆಂಗಳೂರು ಆರಿಸಿ, ನಾಟಕ ವಿಭಾಗಕ್ಕೆ ಹೋಗಿ, ದಿನಾಂಕ ‘ಇಂದು’ ಎಂದೂ ಭಾಷೆ ಕನ್ನಡ ಎಂದೂ ಸೋಸಿದರೆ ಅರ್ಧ ಚಿತ್ರ ಸಿಗುತ್ತದೆ. ಇನ್ನರ್ಧ ಅಲ್ಲಿಲ್ಲ. ಹವ್ಯಾಸಿ ತಂಡಗಳಲ್ಲಿ ಎಷ್ಟೋ ತಂಡಗಳು ಪೋಸ್ಟರ್‌ನ ಕೆಳಗೆ ಒಂದೆರಡು ಮೊಬೈಲ್ ನಂಬರ್ ಹಾಕಿ, ಫೇಸ್‌ಬುಕ್ಕಿನಲ್ಲೂ ವಾಟ್ಸ್ಯಾಪ್ ಗುಂಪುಗಳಲ್ಲೂ ಹರಿಬಿಟ್ಟು ಅಷ್ಟಕ್ಕೇ ನಿಲ್ಲಿಸುತ್ತವೆ. ರಂಗಮಂದಿರದ ಹೆಸರನ್ನೂ ಆ ದಿನದ ತಾರೀಖನ್ನೂ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದು ಹುಡುಕಿ. ಹನುಮಂತನಗರದ ಕೆ.ಎಚ್. ಕಲಾಸೌಧ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಮತ್ತು ಎ.ಡಿ.ಎ. ರಂಗಮಂದಿರ, ಕನ್ನಡ ಭವನದ ನಯನ ಸಭಾಂಗಣ, ಮಲ್ಲತ್ತಹಳ್ಳಿಯ ಕಲಾಗ್ರಾಮ, ಇವಿಷ್ಟು ಹೆಸರು ಬಾಯಲ್ಲಿದ್ದರೆ ಸಾಕು. ಕಲಾಗ್ರಾಮ ಮಾತ್ರ ಊರಿನ ಪಶ್ಚಿಮದ ತುದಿ. ರಾತ್ರಿ ಬಸ್ಸು ಹಿಡಿಯಬೇಕಾದವರು ಎರಡು ಸಲ ಯೋಚಿಸಬೇಕು.

ಪೋಸ್ಟರ್‌ನ ನಂಬರಿಗೆ ಹನ್ನೊಂದು ಗಂಟೆಯ ನಂತರ, ನಾಲ್ಕಕ್ಕೆ ಮೊದಲು ಫೋನ್ ಮಾಡಿ. ಬೆಳಿಗ್ಗೆ ಬೇಗ ಮಾಡಿದರೆ ಎತ್ತುವುದಿಲ್ಲ, ಏಕೆಂದರೆ ಹಿಂದಿನ ರಾತ್ರಿ ತಾಲೀಮು ಮುಗಿಸಿ ಮಲಗಿರುತ್ತಾರೆ. ನಾಲ್ಕರ ಮೇಲೆ ಮಾಡಿದರೂ ಎತ್ತುವುದಿಲ್ಲ, ಆ ಹೊತ್ತಿಗೆ ಸೆಟ್ಟು ಏರಿಸುವುದು, ಲೈಟು ಕಟ್ಟುವುದು ನಡೆದಿರುತ್ತದೆ, ನಂಬರಿನ ಯಜಮಾನನೇ ಏಣಿಯ ಮೇಲಿದ್ದರೂ ಇರಬಹುದು. ಮಾತು ಇಷ್ಟೇ:

‘ನಮಸ್ಕಾರ ಸರ್, ಶಿರಸಿಯವರು. ಇವತ್ತಿನ ನಾಟಕಕ್ಕೆ ಎರಡು ಟಿಕೆಟ್ ಎತ್ತಿಡ್ತೀರಾ? ಏಳಕ್ಕೆ ಮೊದ್ಲೇ ಬಂದು ದುಡ್ಡು ಕೊಡ್ತೇವೆ.’

‘ಶಿರಸಿಯಿಂದಾನಾ? ಎತ್ತಿಡ್ತೀನಿ ಸರ್. ಆದ್ರೆ ಏಳೂಕಾಲಿಗೆ ಬರ್ಲಿಲ್ಲ ಅಂದ್ರೆ ಕೌಂಟರ್‌ನೋರು ಬೇರೆಯೋರಿಗೆ ಕೊಟ್ಬಿಡ್ತಾರೆ.’

ಕೂಡಲೇ ಅದೇ ನಂಬರಿಗೆ ವಾಟ್ಸ್ಯಾಪ್‌ನಲ್ಲಿ ಹೆಸರು, ಎಷ್ಟು ಟಿಕೆಟ್, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಬರೆದು ಕಳಿಸಿ. ಫೋನಿನಲ್ಲಿ ಹೇಳಿದ್ದು ತಾಲೀಮಿನ ಗದ್ದಲದಲ್ಲಿ ಮರೆತುಹೋಗುತ್ತದೆ; ಬರೆದದ್ದನ್ನು ಅವರು ಸಂಜೆ ಕೌಂಟರಿನಲ್ಲಿ ಕೂರುವವರಿಗೆ ಹಾಗೆಯೇ ರವಾನಿಸುತ್ತಾರೆ. ಊರಿನ ಹೆಸರು ಹೇಳುವುದರಲ್ಲಿ ಸಂಕೋಚ ಬೇಡ. ಘಟ್ಟದ ಕಡೆಯಿಂದ ನಾಟಕಕ್ಕೆಂದು ಬಂದವರನ್ನು ತಂಡದವರು ತಾವಾಗಿಯೇ ಹುಡುಕಿ ಮಾತಾಡಿಸುತ್ತಾರೆ, ಮುಗಿದ ಮೇಲೆ ‘ಹೇಗಿತ್ತು?’ ಎಂದು ಕೇಳದೆ ಬಿಡುವುದಿಲ್ಲ. ಬಸ್ಸಿದ್ದರೆ ಅದನ್ನೂ ಮೊದಲೇ ಹೇಳಿಬಿಡಿ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ನಾಲ್ಕು ಸಂಗತಿ ಗೊತ್ತಿರಬೇಕು. ಟಿಕೆಟ್ ಆರಿಸಿ ಹಣ ಕೊಡುವ ಪುಟಕ್ಕೆ ಹೋದೊಡನೆ ಕೆಲವು ನಿಮಿಷಗಳ ಗಡುವು ಓಡಲು ಶುರುವಾಗುತ್ತದೆ. ಅಷ್ಟು ಹೊತ್ತು ಆ ಟಿಕೆಟ್ ನಿಮ್ಮ ಹೆಸರಿನಲ್ಲಿ ತಡೆದಿರುತ್ತದೆ, ಗಡುವು ಮೀರಿದರೆ ಮತ್ತೆ ಮಾರಾಟಕ್ಕೆ ಬೀಳುತ್ತದೆ. ಇದರಿಂದಲೇ, ಎಲ್ಲ ಮುಗಿದಿದೆ ಎಂದು ತೋರಿಸಿದ ಪುಟ ಹತ್ತು ನಿಮಿಷ ಬಿಟ್ಟು ನೋಡಿದರೆ ಎರಡು ಟಿಕೆಟ್ ಇದೆ ಎನ್ನುವುದುಂಟು. ಯಾರದೋ ಪಾವತಿ ಕೈಕೊಟ್ಟಿರುತ್ತದೆ. ಎರಡನೆಯದು, ನಾಲ್ಕು ಟಿಕೆಟ್ ಕೇಳಿದಾಗ ಸಿಗದಿದ್ದರೆ ಮೂರು, ಎರಡು, ಒಂದು ಎಂದು ಇಳಿಸುತ್ತ ನೋಡಿ. ಉಳಿದದ್ದು ಮೂರೇ ಇದ್ದರೆ ನಾಲ್ಕು ಕೇಳಿದವರಿಗೆ ಇಲ್ಲ ಎಂದೇ ಉತ್ತರ. ಮೂರನೆಯದು, ಯುಪಿಐನಿಂದ ಹಣ ಹೋಗಿ ಟಿಕೆಟ್ ಬಾರದಿದ್ದರೆ ತಕ್ಷಣ ಇನ್ನೊಂದು ಸಲ ಕೊಳ್ಳಬೇಡಿ. ಮೊದಲು ಆ್ಯಪ್‌ನಲ್ಲಿ ನಿಮ್ಮ ಬುಕಿಂಗ್‌ಗಳ ಪಟ್ಟಿ ತೆರೆದು ನೋಡಿ, ಎಸ್ಸೆಮ್ಮೆಸ್ ನೋಡಿ. ಒಮ್ಮೊಮ್ಮೆ ಟಿಕೆಟ್ ಆಗಿರುತ್ತದೆ, ಸಂದೇಶ ಮಾತ್ರ ತಡವಾಗಿರುತ್ತದೆ. ನಾಟಕದ ಟಿಕೆಟ್ ಸಾಮಾನ್ಯವಾಗಿ ರದ್ದಾಗುವುದಿಲ್ಲ, ಹಾಗಾಗಿ ಎರಡೆರಡು ಸಲ ಕೊಂಡರೆ ಎರಡೂ ನಿಮ್ಮದೇ. ಟಿಕೆಟ್ ಆಗಿಯೇ ಇಲ್ಲದಿದ್ದರೆ ಹಣ ಕೆಲವು ದಿನದಲ್ಲಿ ಖಾತೆಗೆ ಮರಳುತ್ತದೆ, ಆದರೆ ಆ ಸಂಜೆಗೆ ಅದು ಉಪಯೋಗಕ್ಕಿಲ್ಲ. ಜೇಬಿನಲ್ಲಿ ನಗದು ಇರಲಿ. ನಾಲ್ಕನೆಯದು ದುಡ್ಡಿನ ವಿಷಯ. ತಲಾ 500 ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ. ಆದರೂ ಕೊನೇ ಪುಟದಲ್ಲಿ ಮೊತ್ತ ಹೆಚ್ಚಿ ಕಾಣುವುದು ಆ್ಯಪ್‌ನವರು ಪ್ರತಿ ಟಿಕೆಟ್ಟಿನ ಮೇಲೆ ಹಾಕುವ ಕನ್ವೀನಿಯನ್ಸ್ ಫೀ ಮತ್ತು ಅದರ ಮೇಲಿನ ತೆರಿಗೆಯಿಂದ. ಕೌಂಟರಿನಲ್ಲಿ ಕೊಂಡರೆ ಅದು ಉಳಿಯುತ್ತದೆ. ಮನೆಮಂದಿ ಐದಾರು ಜನರಿದ್ದರೆ ಅಷ್ಟು ದುಡ್ಡಿನಲ್ಲಿ ಎಲ್ಲರಿಗೂ ಕಾಫಿಯಾಗುತ್ತದೆ.

ಕ್ಯೂಆರ್ ಕೋಡ್ ಬಂದೊಡನೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ಫೋನ್ ತೆಗೆದಾಗ ನೆಟ್‌ವರ್ಕ್ ಕೈಕೊಡುವುದು ಸಾಮಾನ್ಯ. ನಾಲ್ವರಿಗೆ ಒಂದೇ ಕೋಡ್ ಇದ್ದರೆ ನಾಲ್ವರೂ ಒಟ್ಟಿಗೆ ಒಳಗೆ ಹೋಗಬೇಕು. ಒಮ್ಮೆ ಸ್ಕ್ಯಾನ್ ಆದ ಕೋಡ್ ಎರಡನೇ ಸಲ ಹಿಡಿದರೆ ‘ಬಳಸಲಾಗಿದೆ’ ಎನ್ನುತ್ತದೆ. ಒಬ್ಬರು ಬನಶಂಕರಿಯಿಂದ, ಒಬ್ಬರು ಮಲ್ಲೇಶ್ವರದಿಂದ ಬರುವ ನೆಂಟರ ಗುಂಪಾದರೆ ಬೇರೆ ಬೇರೆ ಟಿಕೆಟ್ ಮಾಡುವುದೇ ಕ್ಷೇಮ.

ಇನ್ನು ಹೌಸ್‌ಫುಲ್ ಎಂಬ ಮಾತು. ನಮ್ಮ ಕಡೆಯವರು ಅದನ್ನು ಓದಿದ ಕೂಡಲೇ ಕೈಬಿಟ್ಟು ದೋಸೆ ತಿನ್ನಲು ಹೋಗುತ್ತಾರೆ. ಆ್ಯಪ್ ಹೌಸ್‌ಫುಲ್ ಎಂದರೆ ಆ್ಯಪ್‌ಗೆ ಕೊಟ್ಟ ಪಾಲು ಮುಗಿದಿದೆ ಎಂದಷ್ಟೇ ಅರ್ಥವಿರಬಹುದು. ತಂಡದವರು ಒಂದಿಷ್ಟನ್ನು ಕೌಂಟರಿಗೆ ಇಟ್ಟುಕೊಂಡಿರುತ್ತಾರೆ, ಇನ್ನೊಂದಿಷ್ಟು ಪಾಸುಗಳನ್ನು ಅತಿಥಿಗಳಿಗೆ, ಪತ್ರಕರ್ತರಿಗೆ, ನಟರ ಮನೆಯವರಿಗೆ ಎತ್ತಿಟ್ಟಿರುತ್ತಾರೆ. ಪಾಸಿನವರಲ್ಲಿ ಬಾರದವರು ಇದ್ದೇ ಇರುತ್ತಾರೆ. ದುಡ್ಡು ಕೊಡದ ಟಿಕೆಟ್ಟಿಗೆ ಮಳೆಯೂ ಒಂದು ನೆಪ. ಹೀಗೆ ಉಳಿದವು ಬಿಡುಗಡೆಯಾಗುವುದು ಆಟ ಶುರುವಾಗುವ ಕಾಲು ತಾಸಿನ ಮೊದಲು. ಆದ್ದರಿಂದ ಆರೂವರೆಗೆ ಕೌಂಟರಿಗೆ ಹೋಗಿ, ಇಲ್ಲ ಎಂದರೂ ಅಲ್ಲಿಂದ ಕದಲಬೇಡಿ. ‘ಕ್ಯಾನ್ಸಲ್ ಆದ್ರೆ ನಮಗೆ ಹೇಳಿ ಮೇಡಂ, ಇಲ್ಲೇ ಇರ್ತೇವೆ, ಒಂದೊಂದಾದ್ರೂ ಆಗ್ತದೆ’ ಎಂದು ಹೇಳಿ ಅವರ ಕಣ್ಣಿಗೆ ಬೀಳುವಂತೆ ನಿಲ್ಲಿ. ಒಂದೊಂದಾದರೂ ಆಗುತ್ತದೆ ಎಂಬ ಮಾತೇ ಇಲ್ಲಿ ಮುಖ್ಯ. ಉಳಿಯುವುದು ಬಿಡಿ ಟಿಕೆಟ್. ಜೋಡಿಯೇ ಬೇಕೆನ್ನುವವರನ್ನು ದಾಟಿ ಅದು ಬೇರೆಯಾಗಿ ಕೂರಲು ಒಪ್ಪಿದವರ ಕೈಗೆ ಬರುತ್ತದೆ. ಕತ್ತಲೆಯಲ್ಲಿ ಒಂದೂವರೆ ತಾಸು ಗಂಡಹೆಂಡಿರು ಬೇರೆ ಸಾಲಿನಲ್ಲಿ ಕೂತರೆ ಆಗುವ ನಷ್ಟವೇನೂ ಇಲ್ಲ. ಕಾಯುವವರು ಕೆಫೆಯಲ್ಲಿ ಕೂತು ಕಾಯಬಾರದು. ತಿಂಡಿಯ ಪ್ಲೇಟು ಕೈಗೆ ಬಂದ ಹೊತ್ತಿಗೇ ಟಿಕೆಟ್ ಬಿಡುಗಡೆಯಾಗುತ್ತದೆ.

ಕೌಂಟರಿನ ಬಳಿ ‘ಒಂದು ಟಿಕೆಟ್ ಜಾಸ್ತಿ ಇದೆ, ಬೇಕಾ?’ ಎಂದು ಕೇಳುವವರೂ ಸಿಗುತ್ತಾರೆ. ಸಿನೆಮಾ ಥಿಯೇಟರಿನ ಹಳೆಯ ಬ್ಲ್ಯಾಕಿನವರಲ್ಲ ಇವರು, ಜೊತೆಗಾರ ಕೈಕೊಟ್ಟವರು, ಮುಖಬೆಲೆಗೇ ಕೊಡುತ್ತಾರೆ. ಕಾಗದದ ಟಿಕೆಟ್ಟಾದರೆ ನೋಡಿ ತೆಗೆದುಕೊಳ್ಳಿ. ಫೋನಿನಲ್ಲಿರುವ ಕೋಡ್ ಆದರೆ ಸ್ಕ್ರೀನ್‌ಶಾಟಿಗೆ ದುಡ್ಡು ಕೊಡಬೇಡಿ. ಅವರೊಂದಿಗೇ ಬಾಗಿಲವರೆಗೆ ನಡೆದು, ಸ್ಕ್ಯಾನ್ ಆಗಿ ಒಳಗೆ ಕಾಲಿಟ್ಟ ಮೇಲೆ ಕೊಡಿ. ಅವರಿಗೂ ಇದರಲ್ಲಿ ಬೇಸರವಿರುವುದಿಲ್ಲ.

ನಿಜಕ್ಕೂ ಟಿಕೆಟ್ ಸಿಗದ ದಿನಗಳಿವೆ. ಸಿನೆಮಾ, ಸೀರಿಯಲ್ ನಟರಿರುವ ನಾಟಕದ ಶನಿವಾರ-ಭಾನುವಾರದ ಆಟ, ಹೆಸರಾದ ಹಳೆಯ ನಾಟಕವೊಂದು ಬಹಳ ದಿನದ ಮೇಲೆ ಮತ್ತೆ ರಂಗಕ್ಕೆ ಬಂದದ್ದು, ನಾಟಕೋತ್ಸವಗಳ ಕೊನೇ ದಿನ. ಅಂಥ ದಿನ ಎರಡನೇ ರಂಗಮಂದಿರದ ಹೆಸರೊಂದು ಕೈಯಲ್ಲಿರಬೇಕು, ಮತ್ತು ಅದು ಆರೂವರೆಗೇ ತೀರ್ಮಾನವಾಗಬೇಕು. ಏಳು ಗಂಟೆಯ ಮೇಲೆ ಜೆ.ಪಿ. ನಗರದಿಂದ ಜೆ.ಸಿ. ರಸ್ತೆಗೆ ಹೊರಟು ಯಾವ ನಾಟಕದ ಆರಂಭವೂ ಸಿಕ್ಕುವುದಿಲ್ಲ.

ಹೊತ್ತಿನ ವಿಷಯದಲ್ಲಿ ರಂಗಶಂಕರಕ್ಕೂ ಉಳಿದ ರಂಗಮಂದಿರಗಳಿಗೂ ಅಜಗಜಾಂತರ. ರಂಗಶಂಕರದಲ್ಲಿ ಏಳೂವರೆ ಎಂದರೆ ಏಳೂವರೆ. ಬೆಲ್ ಆಗಿ ಬಾಗಿಲು ಮುಚ್ಚಿದ ಮೇಲೆ ಯಾರೇ ಬಂದರೂ, ಟಿಕೆಟ್ ಕೈಯಲ್ಲಿ ಹಿಡಿದೇ ಬಂದರೂ, ಒಳಗೆ ಬಿಡುವುದಿಲ್ಲ, ದುಡ್ಡೂ ವಾಪಸ್ಸಿಲ್ಲ. ಊರಲ್ಲಿ ಆಟ ಶುರುವಾಗಿ ಎರಡನೇ ಪ್ರಸಂಗಕ್ಕೆ ಬಂದು ಕೂರುವ ರೂಢಿಯವರಿಗೆ ಇದು ದರ್ಪದ ಹಾಗೆ ಕಾಣಬಹುದು. ಆದರೆ ಮೂರು ಕಡೆ ಪ್ರೇಕ್ಷಕರಿರುವ ಚಿಕ್ಕ ರಂಗದಲ್ಲಿ ಮೊಬೈಲ್ ಬೆಳಕು ಹಿಡಿದು ಸೀಟು ಹುಡುಕುವವನು ನಟನ ಕಣ್ಣಿಗೆ ನೇರ ಹೊಡೆಯುತ್ತಾನೆ, ಪ್ರೇಕ್ಷಕರಿಗೂ ನಟನಿಗಿಂತ ಮೊದಲು ಅವನೇ ಕಾಣುತ್ತಾನೆ. ನಿಯಮ ಸರಿಯಾಗಿಯೇ ಇದೆ. ಸೀಟಿಗೆ ನಂಬರಿಲ್ಲದ್ದರಿಂದ ಏಳರ ಸುಮಾರಿಗೇ ಒಳಗೆ ಹೋಗುವವರ ಸಾಲು ಬೆಳೆಯತೊಡಗುತ್ತದೆ; ಗುಂಪಾಗಿ ಕೂರಬೇಕೆಂದಿದ್ದರೆ ಏಳೂಕಾಲಿಗೆ ಸಾಲಿನಲ್ಲಿರಿ. ಮಳೆಗಾಲದಲ್ಲಿ, ಜೂನ್‌ನಿಂದ ಅಕ್ಟೋಬರ್‌ವರೆಗೆ, ಸಂಜೆ ಒಂದು ಜೋರು ಮಳೆ ಬಿದ್ದರೆ ರಸ್ತೆ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಮಳೆಯ ಮುಂದೆ ಬೆಂಗಳೂರಿನದ್ದು ಮಳೆಯೇ ಅಲ್ಲ ಎನ್ನಬಹುದು, ಆದರೆ ಅಲ್ಲಿ ನೀರಿಗೆ ಹೋಗಲು ಹಳ್ಳವಿಲ್ಲ. ಅಂಥ ದಿನ ಕಾರು, ಆಟೋ ಬಿಟ್ಟು ಮೆಟ್ರೋವನ್ನೇ ನಂಬಿ.

ಲಗೇಜು ತೆಗೆದುಕೊಂಡು ನಾಟಕಕ್ಕೆ ಹೋಗಬಾರದು. ಮೆಟ್ರೋದಲ್ಲಿ ಚೀಲವನ್ನು ಸ್ಕ್ಯಾನರ್‌ಗೆ ಹಾಕಿ ತೆಗೆಯುವಷ್ಟರಲ್ಲೇ ಬೆವರಿಳಿಯುತ್ತದೆ, ಮತ್ತೆ ಅದನ್ನು ಸಾಲಿನ ನಡುವೆ ಕಾಲಡಿಗೆ ಇಟ್ಟರೆ ಯಾರೂ ದಾಟುವಂತಿಲ್ಲ. ಮೆಜೆಸ್ಟಿಕ್‌ನ ಬಸ್ ನಿಲ್ದಾಣದಲ್ಲೂ ರೈಲು ನಿಲ್ದಾಣದಲ್ಲೂ ಕ್ಲೋಕ್ ರೂಮ್ ಇದೆ. ಗೊರಗುಂಟೆಪಾಳ್ಯದಲ್ಲಿ ಬಸ್ಸು ಹತ್ತುವವರು ಮಾತ್ರ ಚೀಲವನ್ನು ಮೆಜೆಸ್ಟಿಕ್‌ನಲ್ಲಿ ಬಿಟ್ಟರೆ ನಡುವೆ ಇಳಿಯಬೇಕಾಗುತ್ತದೆ. ತುಮಕೂರು ರಸ್ತೆಯ ಕಡೆ ನೆಂಟರಿದ್ದರೆ ಹಲಸಿನ ಹಪ್ಪಳದ ಕಟ್ಟು ಕೊಟ್ಟು ಚೀಲವನ್ನು ಅಲ್ಲಿಯೇ ಬಿಡುವುದು ಎರಡಕ್ಕೂ ಆಗುತ್ತದೆ.

ರವೀಂದ್ರ ಕಲಾಕ್ಷೇತ್ರದ ಜಾಯಮಾನವೇ ಬೇರೆ. ಟಾಗೋರ್ ಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ದೊಡ್ಡ ಸಭಾಂಗಣ ಅದು. ಅಷ್ಟು ದೊಡ್ಡದು ತುಂಬುವುದು ಅಪರೂಪ, ಆದ್ದರಿಂದ ಕೊನೇ ಗಳಿಗೆಯವರಿಗೆ ಟಿಕೆಟ್ಟಿನ ಚಿಂತೆ ಕಡಿಮೆ. ಎಷ್ಟೋ ಕಾರ್ಯಕ್ರಮಗಳಿಗೆ ಟಿಕೆಟ್ಟೇ ಇರುವುದಿಲ್ಲ, ಉಚಿತ ಪ್ರವೇಶ. ಚಿಂತೆ ಬೇರೆ ಕಡೆಯಿಂದ ಬರುತ್ತದೆ. ಆಮಂತ್ರಣದಲ್ಲಿ ಆರೂವರೆ ಎಂದಿದ್ದರೆ ಅದು ದೀಪ ಬೆಳಗುವ ಹೊತ್ತು. ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿ, ಅಧ್ಯಕ್ಷರ ನುಡಿ, ಸನ್ಮಾನ, ಸನ್ಮಾನಿತರ ನುಡಿ, ವಂದನಾರ್ಪಣೆ ಆಗಿ ನಾಟಕದ ಪರದೆ ಏಳುವಾಗ ಏಳೂಮುಕ್ಕಾಲು ಆದರೂ ಆಯಿತು. ಪೋಸ್ಟರ್‌ನ ನಂಬರಿಗೆ ಮಾಡುವ ಫೋನಿನಲ್ಲಿ ‘ಸಭೆ ಇದೆಯಾ ಸರ್, ನಾಟಕ ಸರಿಯಾಗಿ ಎಷ್ಟಕ್ಕೆ?’ ಎಂದು ಕೇಳುವುದನ್ನು ಮರೆಯಬಾರದು. ತಂಡದವರು ನಿಜ ಹೇಳುತ್ತಾರೆ. ಭಾಷಣದಿಂದ ಅವರಿಗೂ ಬಣ್ಣ ಹಚ್ಚಿಕೊಂಡು ಕಾಯುವ ಪಾಡು. ಮುಂದಿನ ಸಾಲುಗಳನ್ನು ಗಣ್ಯರಿಗೆಂದು ಚೀಟಿ ಅಂಟಿಸಿ ಇಟ್ಟಿರುತ್ತಾರೆ. ಸಭೆ ಮುಗಿದು ಗಣ್ಯರು ಎದ್ದು ಹೋದ ಮೇಲೆ, ದೀಪ ಆರುವ ಮೊದಲು, ಅಲ್ಲಿಗೆ ಸರಿದು ಕೂತರೆ ಯಾರೂ ಏಳಿಸುವುದಿಲ್ಲ. ಹಸಿರು ಮಾರ್ಗದ ಕೆ.ಆರ್. ಮಾರುಕಟ್ಟೆ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ, ಮೆಜೆಸ್ಟಿಕ್‌ಗೆ ಅಲ್ಲಿಂದ ಎರಡೇ ನಿಲ್ದಾಣ. ಬಸ್ಸಿನ ದೃಷ್ಟಿಯಿಂದ ಇದಕ್ಕಿಂತ ಅನುಕೂಲದ ಜಾಗವಿಲ್ಲ.

ಚೌಡಯ್ಯ ಸ್ಮಾರಕ ಭವನದಲ್ಲಿ ಪರ ಊರಿನ ದೊಡ್ಡ ತಂಡಗಳ ನಾಟಕ ಬಂದಾಗ ಟಿಕೆಟ್ ದುಬಾರಿ, ಸೀಟಿಗೆ ನಂಬರ್ ಇರುತ್ತದೆ. ಅಲ್ಲಿ ಕೊನೆಗೆ ಉಳಿಯುವುದು ತೀರಾ ದುಬಾರಿ ಸಾಲು, ಇಲ್ಲವೇ ತೀರಾ ಅಂಚಿನದ್ದು.

ಆಷಾಢ-ಶ್ರಾವಣದಲ್ಲಿ ಹೋದವರಿಗೆ ಇನ್ನೊಂದು ಭಾಗ್ಯವಿದೆ. ಊರಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಬಡಗುತಿಟ್ಟಿನ ಕಲಾವಿದರು ಮಳೆಗಾಲದ ಆಟಕ್ಕೆ ಬೆಂಗಳೂರಿಗೆ ಬರುತ್ತಾರೆ, ಹೆಚ್ಚಾಗಿ ಕಲಾಕ್ಷೇತ್ರಕ್ಕೆ. ಟಿಕೆಟ್ ಸಂಘಟಕರ ಮೊಬೈಲಿನಲ್ಲಿ ಮೊದಲೇ ಕಾದಿರಿಸುವುದು ರೂಢಿ, ಬಾಗಿಲಲ್ಲೂ ಕೊಡುತ್ತಾರೆ. ಇಲ್ಲಿ ಬಾಗಿಲಿಗೆ ಉಳಿಯುವುದು ಹಿಂದಿನ ಸಾಲು ಮತ್ತು ಬಾಲ್ಕನಿ. ಮುಂದಿನ ಸಾಲುಗಳನ್ನು ಹೆಸರಾಂತ ಭಾಗವತರ ಮತ್ತು ಸ್ತ್ರೀವೇಷದವರ ಅಭಿಮಾನಿಗಳು ವಾರದ ಮೊದಲೇ ಹಿಡಿದಿರುತ್ತಾರೆ. ಪೋಸ್ಟರಿನಲ್ಲಿ ಒಂದು ಪದವನ್ನು ಮಾತ್ರ ಕಣ್ಣಿಟ್ಟು ನೋಡಬೇಕು: ‘ಅಹೋರಾತ್ರಿ’ಯೋ ‘ಕಾಲಮಿತಿ’ಯೋ. ಅಹೋರಾತ್ರಿಯಾದರೆ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಾಗುವವರೆಗೆ. ಲಾಡ್ಜ್ ಬೇಡ, ರಾತ್ರಿ ಬಸ್ಸು ಬೇಡ, ಮಂಗಳ ಹಾಡಿದ ಮೇಲೆ ಮೆಜೆಸ್ಟಿಕ್‌ಗೆ ಹೋಗಿ ಬೆಳಗಿನ ಬಸ್ಸು ಹತ್ತಿ ನಿದ್ದೆ ಮಾಡಬಹುದು. ಕಾಲಮಿತಿಯಾದರೆ ಮೂರ್ನಾಲ್ಕು ತಾಸಿನಲ್ಲಿ ಮುಗಿಯುತ್ತದೆ. ಅಹೋರಾತ್ರಿ ಎಂದು ನಂಬಿ ರಾತ್ರಿ ಬಸ್ಸಿನ ಸೀಟು ಬಿಟ್ಟುಕೊಟ್ಟು ಕಾಲಮಿತಿಯ ಆಟಕ್ಕೆ ಹೋಗಿ ಕೂತರೆ, ಹತ್ತೂವರೆಗೆ ಜೆ.ಸಿ. ರಸ್ತೆಯಲ್ಲಿ ನಿಂತು ಲಾಡ್ಜ್ ಹುಡುಕುವ ಕೆಲಸ. ಮಳೆಗಾಲದಲ್ಲಿ ಕುಮಟಾ ಕಡೆಯವರು ವಾಪಸ್ ಬಸ್ಸು ಯಾವ ದಾರಿಯದ್ದು ಎಂದೂ ಕೇಳಿಕೊಳ್ಳಬೇಕು. ದೇವಿಮನೆ ಘಟ್ಟ ಬಂದ್ ಆದರೆ ಸುತ್ತಿ ಬಳಸಿ ಊರು ಸೇರುವಾಗ ಮಧ್ಯಾಹ್ನದ ಊಟದ ಹೊತ್ತು.

ಇನ್ನು ಭಾನುವಾರದ ಉಪಾಯ. ಕಾರವಾರ, ಅಂಕೋಲಾ, ಹೊನ್ನಾವರದವರು ಪಂಚಗಂಗಾದಲ್ಲೇ ವಾಪಸಾಗಬೇಕೆಂದಿದ್ದರೆ ರಂಗಶಂಕರದ 3.30ರ ಆಟ ನೋಡಿ. ಕೌಂಟರಿನಲ್ಲಿ ಟಿಕೆಟ್ ಕೊಳ್ಳುವ ಮೊದಲು ನಾಟಕ ಎಷ್ಟು ನಿಮಿಷದ್ದು, ಮಧ್ಯಂತರ ಇದೆಯಾ ಎಂದು ಕೇಳಿ. ತೊಂಬತ್ತು ನಿಮಿಷದ್ದು, ಮಧ್ಯಂತರವಿಲ್ಲ ಎಂದರೆ ಐದಕ್ಕೆ ಹೊರಗೆ. ರಾಗಿಗುಡ್ಡಕ್ಕೆ ನಡೆದು, ಆರ್.ವಿ. ರಸ್ತೆಯಲ್ಲಿ ಬದಲಿಸಿ, ಮೆಜೆಸ್ಟಿಕ್ ಮೆಟ್ರೋದಿಂದ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿಗೆ ಬರುವಾಗ ಆರು. ಕ್ಲೋಕ್ ರೂಮಿನಿಂದ ಚೀಲ ಬಿಡಿಸಿಕೊಂಡು, ರಾತ್ರಿಗೆ ಚಿತ್ರಾನ್ನವನ್ನೋ ಚಪಾತಿಯನ್ನೋ ಕಟ್ಟಿಸಿಕೊಳ್ಳಲೂ ಹೊತ್ತಿದೆ. ಎರಡು ತಾಸಿನ ನಾಟಕವಾದರೆ ಐದೂವರೆಗೆ ಬಿಡುತ್ತದೆ, ಆಗಲೂ ರೈಲು ಸಿಗುತ್ತದೆ, ಆದರೆ ಊಟ ಕಟ್ಟಿಸುವ ಆಸೆ ಬಿಡಬೇಕು. ಅದಕ್ಕಿಂತ ಉದ್ದದ್ದು, ಅಥವಾ ಮುಗಿದ ಮೇಲೆ ತಂಡದೊಂದಿಗೆ ಸಂವಾದ ಇದೆ ಎಂದರೆ ಕಾರವಾರದ ರಾತ್ರಿ ಬಸ್ಸಿಗೇ ಸೀಟು ನೋಡಿ. ದೂರ ಹೆಚ್ಚಾದ್ದರಿಂದ ಅವುಗಳಲ್ಲಿ ಹಲವು ಶಿರಸಿಯ ಬಸ್ಸುಗಳಿಗಿಂತ ಬೇಗ ಹೊರಡುತ್ತವೆ. ಮಧ್ಯಾಹ್ನದ ಆಟ ನೋಡಿದವರಿಗೆ ಅದರಿಂದ ತೊಂದರೆಯಿಲ್ಲ, ಏಳೂವರೆಯದ್ದು ನೋಡುವವರು ಮಾತ್ರ ತುಮಕೂರು ರಸ್ತೆಯಲ್ಲಿ ಹತ್ತಲು ಬಿಡುವ ಬಸ್ಸನ್ನೇ ಆರಿಸಬೇಕು.